ಲಾನ್‌ಗೆ ದಿನಾ ನೀರು ಬೇಡ ಅಂದರೆ ಬೇಡ!

ನಮಸ್ಕಾರ್ರಿ ಎಲ್ಲರಿಗೂ. ಹೋದ ವಾರದ ವಿಡಿಯೋ ಕೆಳಗೆ ಕಲಬುರಗಿಯ ಒಬ್ಬ ಅಣ್ಣ ಒಂದು ಕಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ. "ಬೋರ್ ನಮ್ಮದು, ಕರೆಂಟ್ ಬಿಲ್ ನಮ್ಮದು, ಲಾನ್‌ಗೆ ದಿನಾ ಎರಡು ಹೊತ್ತು ನೀರು ಬಿಡ್ತೀವಿ, ನಿಮಗೇನು ಕಷ್ಟ?" ಕಷ್ಟ ಇದೆ ಅಣ್ಣಾ. ಬಹಳ ಕಷ್ಟ ಇದೆ. ಅದಕ್ಕೆ ಇವತ್ತು ಪೂರ್ತಿ ಇದೇ ಮಾತು.

ಲಾನ್‌ಗೆ ದಿನಾ ನೀರು ಬೇಡ. ವಾರಕ್ಕೆ ಒಂದು ಸಲ ಸಾಕು, ಏಪ್ರಿಲ್ ಮೇ ಬಿಸಿಲಲ್ಲಿ ಎರಡು ಸಲ. ಆದರೆ ಹಾಕಿದ ದಿನ ಹೊಟ್ಟೆ ತುಂಬ ಹಾಕಿ.

ಯಾಕೆ ಅಂದರೆ, ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನ ಒಂದೆರಡು ಇಂಚು ಮಣ್ಣು ಮಾತ್ರ ನೆನೆಯುತ್ತದೆ. ನೀರು ಎಲ್ಲಿದೆಯೋ ಬೇರು ಅಲ್ಲೇ ಇರುತ್ತದೆ, ಕೆಳಗೆ ಇಳಿಯುವ ಕೆಲಸ ಅದಕ್ಕೇನಿದೆ? ಆಮೇಲೆ ಒಂದು ದಿನ ಕರೆಂಟ್ ಹೋಗಿ ಮೋಟರ್ ಓಡಲಿಲ್ಲ ಅನ್ನಿ, ಮೇಲೆ 40 ಡಿಗ್ರಿ ದಾಟಿದ ಬಿಸಿಲು, ಹುಲ್ಲು ಬಾಡಿ ಬಿದ್ದಿರುತ್ತದೆ. ಆಗ ನೀವೇ ಹೇಳುತ್ತೀರಿ, ನೋಡಿದಿರಾ, ಒಂದು ದಿನ ತಪ್ಪಿದರೂ ತಡೆಯಲ್ಲ ಅಂತ. ಆ ಚಟ ಹಿಡಿಸಿದ್ದು ಯಾರು? ನೀವೇ ಅಲ್ವಾ!

ಇದನ್ನ ಬೇರೆ ಊರಿನವರಿಗೆ ಹೇಳಬಹುದು, ನಮ್ಮ ಭಾಗದವರಿಗೂ ಹೇಳಬೇಕಾ? ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ಎಲ್ಲರೂ ಹೆಮ್ಮೆಪಟ್ಟೆವು. ಆ ತೊಗರಿಗೆ ದಿನಾ ಪೈಪ್ ಹಿಡಿದು ನಿಲ್ಲುವವರು ಯಾರು? ಮಳೆ ಅಕ್ಟೋಬರ್‌ಗೆ ಹಿಂದೆ ಸರಿಯುತ್ತದೆ, ತೊಗರಿ ಡಿಸೆಂಬರ್ ಜನವರಿ ತನಕ ಹೊಲದಲ್ಲಿ ನಿಂತಿರುತ್ತದೆ. ಬೇರು ಆಳಕ್ಕೆ ಇಳಿದಿರುತ್ತದೆ, ಎರೆ ಮಣ್ಣು ನೀರು ಹಿಡಿದಿಟ್ಟಿರುತ್ತದೆ. ಹಿಂಗಾರಿ ಜೋಳದ್ದೂ ಇದೇ ಕಥೆ. ಹುಲ್ಲಿನ ಬೇರು ತೊಗರಿಯಷ್ಟು ಆಳ ಹೋಗಲ್ಲ, ಒಪ್ಪುತ್ತೇನೆ, ಆದರೆ ಬಿಟ್ಟರೆ ಒಂದಡಿಯಾದರೂ ಹೋಗುತ್ತದೆ. ನೀವು ಬಿಡಬೇಕಲ್ಲ!

ಈಗ ಲೆಕ್ಕಕ್ಕೆ ಬನ್ನಿ. 20 ಅಡಿಗೆ 30 ಅಡಿ ಲಾನ್ ಅಂದರೆ ಹತ್ತಿರ ಹತ್ತಿರ 56 ಚದರ ಮೀಟರ್. ಒಂದು ಚದರ ಮೀಟರ್‌ಗೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. ವಾರಕ್ಕೆ ಒಂದು ಇಂಚು, ಅಂದರೆ 25 ಮಿಲಿಮೀಟರ್ ಹಾಕಿದರೆ 1,400 ಲೀಟರ್ ಆಯಿತು. ಅಣ್ಣನ ಪೈಪಿನಿಂದ ನಿಮಿಷಕ್ಕೆ 15 ಲೀಟರ್ ಬರುತ್ತದೆ ಅಂತ ಇಟ್ಟುಕೊಳ್ಳಿ, ಬೇಕಿದ್ದರೆ ಬಕೆಟ್ ಇಟ್ಟು ನೀವೇ ಅಳೆಯಿರಿ. ದಿನಕ್ಕೆ ಅರ್ಧ ಗಂಟೆ ಬಿಟ್ಟರೆ ವಾರಕ್ಕೆ 3,150 ಲೀಟರ್. ಡಬಲ್‌ಗಿಂತ ಜಾಸ್ತಿ! ಅಷ್ಟು ಸುರಿದೂ ಬೇರು ಮೇಲೆಯೇ.

ಒಂದು ಇಂಚು ಆಯಿತು ಅಂತ ಹೇಗೆ ಗೊತ್ತಾಗಬೇಕು? ಸ್ಪ್ರಿಂಕ್ಲರ್ ಇದ್ದರೆ ನೇರ ಅಂಚಿನ ನಾಲ್ಕು ಸ್ಟೀಲ್ ಡಬ್ಬಿ ತಂದು ಹುಲ್ಲಿನ ಮೇಲೆ ಅಲ್ಲಲ್ಲಿ ಇಡಿ. ನೀರು ಬಿಡಿ. ಡಬ್ಬಿಯೊಳಗೆ ಸ್ಕೇಲ್ ಇಳಿಸಿ ನೋಡಿ. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ತಳ ಮಾತ್ರ ಒದ್ದೆ, ಹಾಗಿದ್ದರೆ ಸ್ಪ್ರಿಂಕ್ಲರ್ ಜಾಗ ಬದಲಿಸಿ. ಇನ್ನೊಂದು ಮಾತು, ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನ ಕುಡಿಯುತ್ತದೆ. ಹಾಗಾಗಿ ಕಾಲು ಗಂಟೆ ಬಿಡಿ, ನಿಲ್ಲಿಸಿ, ನೀರು ಇಂಗಲಿ, ಮತ್ತೆ ಬಿಡಿ. ಇದೆಲ್ಲ ಬೆಳಗ್ಗೆ ಬಿಸಿಲೇರುವ ಮುಂಚೆ. ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಬೂಷ್ಟು ರೋಗ ಬರುತ್ತದೆ, ಮಧ್ಯಾಹ್ನ ಬಿಟ್ಟರೆ ಒಂದಷ್ಟು ನೆಲಕ್ಕೆ, ಒಂದಷ್ಟು ಗಾಳಿಗೆ.

ಈ ಮಧ್ಯೆ ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಮಾಡಿಬಿಡಿ. ಡಬ್ಬಿ ಇಟ್ಟು ಅಳೆಯುವುದನ್ನು ಇನ್ನೊಂದು ವಿಡಿಯೋದಲ್ಲಿ ಪೂರ್ತಿ ತೋರಿಸಿದ್ದೇನೆ.

"ಮಾಲಿ ದಿನಾ ಹಾಕು ಅಂತಾನೆ" ಅಂತ ಒಬ್ಬ ಅಕ್ಕ ಬರೆದಿದ್ದಾರೆ. ಅಕ್ಕಾ, ಸಂಜೆ ಹುಲ್ಲಿನ ಮೇಲೆ ನೀವೇ ನಡೆದು ನೋಡಿ. ತುಳಿದ ಹುಲ್ಲು ಎದ್ದು ನಿಂತರೆ ನೀರು ಬೇಡ. ಹೆಜ್ಜೆ ಗುರುತು ಹಾಗೇ ಉಳಿದರೆ ಮರುದಿನ ಬೆಳಗ್ಗೆ ಹಾಕಿ. ಹುಲ್ಲಿಗಿಂತ ಮಾಲಿ ದೊಡ್ಡವನಾ? "ಹೊಸ ಹುಲ್ಲು ಹಾಸಿದ್ದೇವೆ" ಅನ್ನುವವರು ಮೊದಲ ಎರಡು ಮೂರು ವಾರ ದಿನಾ ಹಾಕಿ, ಆಮೇಲೆ ನಿಮಗೂ ಇದೇ ಮಾತು. "ಒಣಗಿ ಸತ್ತರೆ?" ಅನ್ನುವವರು ಯಾವುದಾದರೂ ಹೊಲದ ಬದುವಿಗೆ ಹೋಗಿ ಕರಕಿ, ಅಂದರೆ ಗರಿಕೆ ಹುಲ್ಲು ನೋಡಿ. ಮೇ ತಿಂಗಳಲ್ಲಿ ಹುರಿದು ಹೋದ ಹಾಗೆ ಕಾಣುತ್ತದೆ, ಒಂದು ಮಳೆ ಬಿದ್ದರೆ ಚಿಗುರುತ್ತದೆ. ಕರಕಿ ಹಬ್ಬಿದ ಹೊಲ ಹಸನು ಮಾಡುವ ಕಷ್ಟ ರೈತರನ್ನ ಕೇಳಿ! ನರ್ಸರಿಯವರು ಬರ್ಮುಡಾ ಅಂತ ಮಾರುವುದೂ ಇದೇ ಕರಕಿ ಜಾತಿಯದೇ. ಅದನ್ನೇ ಹಚ್ಚಿ. ಬೇಸಿಗೆಯಲ್ಲಿ ತೀರಾ ಗಿಡ್ಡ ಕತ್ತರಿಸಬೇಡಿ ಅಷ್ಟೇ.

ಈಗ ಬೋರ್ ನಮ್ಮದು ಅನ್ನುವ ಮಾತು. ಅಣ್ಣಾ, ಬೋರ್ ನಿಮ್ಮದು, ಕೆಳಗಿನ ನೀರು ನಿಮ್ಮದಾ? ನೆಲದೊಳಗೆ ಕಾಂಪೌಂಡ್ ಕಟ್ಟಿದ್ದೀರಾ? ನಮ್ಮ ಓಣಿಯಲ್ಲಿ ಹೋದ ಬೇಸಿಗೆ ಕಣ್ಣಾರೆ ನೋಡಿದ್ದೇನೆ. ಒಂದು ಮನೆಯ ಗೇಟಿನ ಕೆಳಗಿಂದ ಲಾನ್ ನೀರು ಹರಿದು ರಸ್ತೆಗೆ ಬರುತ್ತಿತ್ತು, ಅದೇ ರಸ್ತೆಯಲ್ಲಿ ಕೊಡ ಸಾಲಾಗಿಟ್ಟು ಹೆಣ್ಣುಮಕ್ಕಳು ಟ್ಯಾಂಕರ್ ಕಾಯುತ್ತಿದ್ದರು. ಒಬ್ಬ ಅಜ್ಜಿ ಆ ಹರಿಯುವ ನೀರು ದಾಟಲು ಸೀರೆ ಎತ್ತಿ ಹಿಡಿದುಕೊಂಡಿದ್ದಳು, ಕೈಯಲ್ಲಿ ಖಾಲಿ ಕೊಡ. ಹೊಟ್ಟೆ ಉರಿಯಲ್ವಾ? ಪಕ್ಕದ ಬೀದರ್‌ನಲ್ಲಿ, ನೌಬಾದ್ ಹತ್ತಿರ, ಬಹಮನಿ ಕಾಲದಲ್ಲೇ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಅಂಥ ಸೀಮೆಯಲ್ಲಿ ಕೂತು ನೀರು ರಸ್ತೆಗೆ ಬಿಡುತ್ತೀರಿ!

ಬೇಡ ಅಂದರೆ ಬೇಡ. ಇನ್ನೂ ಕಾರಣ ಬೇಕಾ? ಎಷ್ಟು ಸಲ ಕೇಳಿದರೂ ಅದೇ ಹೇಳುತ್ತೇನೆ, ದಿನಾ ಬೇಡ, ದಿನಾ ಬೇಡ, ದಿನಾ ಬೇಡ. ಲೈಕ್ ಮಾಡಿ, ನಿಮ್ಮ ಲೇಔಟಿನ ಗ್ರೂಪಿಗೆ ಈ ವಿಡಿಯೋ ಹಾಕಿ, ಡಬ್ಬಿ ಇಟ್ಟ ಫೋಟೋ ಕಮೆಂಟಲ್ಲಿ ಕಳಿಸಿ, ನಾನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ. ಇವತ್ತು ಲಾನ್‌ಗೆ ನೀರು ಹಾಕಿ ಆಗಿದೆಯಾ? ಹಾಗಾದರೆ ನಾಳೆ ಪೈಪ್ ಮುಟ್ಟಬೇಡಿ. ನಾಡಿದ್ದೂ ಮುಟ್ಟಬೇಡಿ.