ಮತಪೆಟ್ಟಿಗೆಗಿಂತ ಮೊದಲು ಮತಪಟ್ಟಿ

ಸಭಿಕರೇ,

2022ರ ಅಕ್ಟೋಬರ್ 17ರಂದು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಭಾರತ ಜೋಡೋ ಯಾತ್ರೆ ಬೀಡುಬಿಟ್ಟಿತ್ತು. ನವಶಿಲಾಯುಗದ ನೆಲೆಯೆಂದು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲ ಆ ಊರಿನ ಶಿಬಿರದಲ್ಲೇ ಒಂದು ಮತಗಟ್ಟೆ ತೆರೆದಿದ್ದರು. ರಾಹುಲ್ ಗಾಂಧಿಯವರೂ ಯಾತ್ರೆಯಲ್ಲಿದ್ದ ಸುಮಾರು 40 ಪ್ರತಿನಿಧಿಗಳೂ ಸಾಲಿನಲ್ಲಿ ನಿಂತು, ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ತಮ್ಮ ಮತ ಹಾಕಿದರು. ಲೋಕಸಭಾ ಚುನಾವಣೆಗೆ ಆಗ ಇನ್ನು ಒಂದೂವರೆ ವರ್ಷವಷ್ಟೇ ಉಳಿದಿತ್ತು.

ಈ ಚುನಾವಣೆ ನಡೆದ ಬಗೆಯನ್ನು ಬಿಡಿಸಿ ನೋಡಬೇಕು. ಮೊದಲು ಕೇಳಿಬಂದ ಹೆಸರು ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಅವರದು. ಆದರೆ ಸೆಪ್ಟೆಂಬರ್ 25ರಂದು ಜೈಪುರದಲ್ಲಿ ಅವರ ಬೆಂಬಲಿಗ ಶಾಸಕರು ಶಾಸಕಾಂಗ ಪಕ್ಷದ ಸಭೆಗೇ ಬಾರದೆ ಸ್ಪೀಕರ್ ಮನೆಗೆ ಹೋಗಿ ರಾಜೀನಾಮೆ ಪತ್ರ ಕೊಟ್ಟುಬಂದ ಮೇಲೆ, ಗೆಹ್ಲೋಟ್ ಕಣದಿಂದ ಹಿಂದೆ ಸರಿಯಬೇಕಾಯಿತು. ನಾಮಪತ್ರಕ್ಕೆ ಕೊನೆಯ ದಿನವಾದ 30ರಂದು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ನಾಮಪತ್ರ ಸಲ್ಲಿಸಿದರು. ಎದುರಿಗಿದ್ದವರು ತಿರುವನಂತಪುರದ ಸಂಸದ ಶಶಿ ತರೂರ್.

ಮತಚೀಟಿಯಲ್ಲಿ ಖರ್ಗೆಯವರದು ಕ್ರಮಸಂಖ್ಯೆ 1, ತರೂರ್ ಅವರದು 2. ತಮಗೆ ಬೇಕಾದ ಅಭ್ಯರ್ಥಿಯ ಹೆಸರಿನೆದುರು ‘1’ ಎಂದು ಬರೆಯಬೇಕೆಂಬುದು ಮೊದಲ ಸೂಚನೆಯಾಗಿತ್ತು. ಒಂದು ಎಂದು ಬರೆಯಿರಿ ಎಂದರೆ ಒಂದನೆಯವರಿಗೆ ಹಾಕಿ ಎಂದೇ ಕೆಲವರು ತಿಳಿದಾರು ಎಂದು ತರೂರ್ ಪಾಳಯ ಆಕ್ಷೇಪಿಸಿತು. ಮಧುಸೂದನ್ ಮಿಸ್ತ್ರಿಯವರ ನೇತೃತ್ವದ, ಪಕ್ಷದ್ದೇ ಆದ ಚುನಾವಣಾ ಪ್ರಾಧಿಕಾರ ಅದನ್ನು ಒಪ್ಪಿ ಟಿಕ್ ಗುರುತಿಗೆ ಬದಲಾಯಿಸಿತು. ಚಿಕ್ಕ ತಿದ್ದುಪಡಿ, ನಿಜ. ಆದರೆ ಸ್ಪರ್ಧೆಯೊಂದು ಇದ್ದದ್ದರಿಂದಲೇ ಇಂಥ ಪ್ರಶ್ನೆ ಹುಟ್ಟಿತು. ಒಮ್ಮತದ ಆಯ್ಕೆಯಲ್ಲಿ ಮತಚೀಟಿಯನ್ನು ತಿರುಗಿಸಿ ನೋಡುವವರೇ ಇರುವುದಿಲ್ಲ.

ನನ್ನ ತಕರಾರು ಮತಚೀಟಿಯ ಬಗ್ಗೆ ಅಲ್ಲ, ಮತಪಟ್ಟಿಯ ಬಗ್ಗೆ. ಪಕ್ಷದ ಸಂವಿಧಾನದ ಪ್ರಕಾರ ಇಲ್ಲಿ ಮತ ಹಾಕುವವರು ಪ್ರದೇಶ ಕಾಂಗ್ರೆಸ್ ಸಮಿತಿಗಳ ಪ್ರತಿನಿಧಿಗಳು. ಬ್ಲಾಕ್ ಮಟ್ಟದಿಂದ ಆಯ್ಕೆಯಾಗಿ ಬರಬೇಕಾದ ಇವರು ದೇಶದಾದ್ಯಂತ 9,900ರ ಆಸುಪಾಸು ಇದ್ದರು. ಬ್ಲಾಕಿನಲ್ಲಿ ನಿಜವಾಗಿ ಚುನಾವಣೆ ನಡೆಯುವುದು ಎಷ್ಟು ಕಡೆ, ಮುಖಂಡರ ಜೇಬಿನಿಂದ ಪಟ್ಟಿ ಬರುವುದು ಎಷ್ಟು ಕಡೆ ಎಂಬುದನ್ನು ಯಾವ ಪಕ್ಷದ ಕಾರ್ಯಕರ್ತರನ್ನಾದರೂ ಕೇಳಿ ನೋಡಿ, ನಕ್ಕು ಸುಮ್ಮನಾಗುತ್ತಾರೆ. ಪಟ್ಟಿಯನ್ನು ಬಹಿರಂಗಪಡಿಸಿ ಎಂದು ಮನೀಶ್ ತಿವಾರಿಯವರಂಥ ಸಂಸದರೇ ಕೇಳಬೇಕಾಗಿ ಬಂತು.

ಅಕ್ಟೋಬರ್ 19ರ ಎಣಿಕೆಯಲ್ಲಿ ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072 ಮತಗಳು ಬಂದವು, 416 ಅಸಿಂಧುವಾದವು. ಎಲ್ಲ ರಾಜ್ಯಗಳ ಚೀಟಿಗಳನ್ನು ಬೆರೆಸಿ ಎಣಿಸಿದ್ದರಿಂದ ಯಾವ ರಾಜ್ಯ ಯಾರ ಕಡೆಗಿತ್ತೆಂದು ಹೇಳಲು ಬರುವುದಿಲ್ಲ. ಮತ ಹಾಕಿದವರಿಗೆ ಅದು ರಕ್ಷಣೆಯಾಯಿತೆಂದೇ ನನ್ನ ಭಾವನೆ. 2000ದಲ್ಲಿ ಸೋನಿಯಾ ಗಾಂಧಿಯವರ ಎದುರು ನಿಂತ ಜಿತೇಂದ್ರ ಪ್ರಸಾದರಿಗೆ ಸಿಕ್ಕಿದ್ದು ಬರೀ 94. ಆ ಲೆಕ್ಕದಲ್ಲಿ ಸಾವಿರ ದಾಟಿದ್ದು ಸಣ್ಣ ಮಾತಲ್ಲ. ಇನ್ನು 1939ರ ತ್ರಿಪುರಿ ಕಾಂಗ್ರೆಸ್ ಅಧಿವೇಶನದ ಕಥೆ ನಿಮಗೆ ಗೊತ್ತು: ಗಾಂಧೀಜಿಯ ಬೆಂಬಲವಿದ್ದ ಪಟ್ಟಾಭಿ ಸೀತಾರಾಮಯ್ಯನವರನ್ನು ಮತದಲ್ಲಿ ಸೋಲಿಸಿದ ಸುಭಾಷರು ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು.

ಇದು ಒಂದೇ ಪಕ್ಷದ ದೋಷವೆಂದು ಯಾರೂ ಭಾವಿಸಬೇಕಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಎರಡನೆಯ ನಾಮಪತ್ರವನ್ನೇ ಕಾಣದ ಪಕ್ಷಗಳು ನಮ್ಮಲ್ಲಿ ಬೇಕಾದಷ್ಟಿವೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಮು ಪಕ್ಷಗಳ ನೋಂದಣಿಯನ್ನು ಹೇಳುತ್ತದೆಯೇ ಹೊರತು, ಒಳಚುನಾವಣೆ ಹೇಗಿರಬೇಕೆಂದು ವಿಧಿಸುವುದಿಲ್ಲ. ಸಾಮಾನ್ಯವಾಗಿ ನೋಂದಣಿ ರದ್ದುಪಡಿಸುವ ಅಧಿಕಾರವೂ ಚುನಾವಣಾ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ನಿಜಲಿಂಗಪ್ಪನವರ ನಂತರ ಕರ್ನಾಟಕದಿಂದ ಆ ಹುದ್ದೆಗೇರಿದ ಖರ್ಗೆಯವರ ಅವಧಿಯಲ್ಲಿ, 2024ರಲ್ಲಿ, ಲೋಕಸಭೆಯಲ್ಲಿ ಪಕ್ಷದ ಬಲ 52ರಿಂದ 99ಕ್ಕೇರಿತು. ಅದನ್ನು ಒಳಚುನಾವಣೆಯ ಫಲವೆನ್ನುವ ಧೈರ್ಯ ನನಗಿಲ್ಲ. ನಾಯಕ ಯಾರೆಂಬ ಗೊಣಗಾಟ ಮಾತ್ರ ಆ ಮಟ್ಟಿಗೆ ತಗ್ಗಿತ್ತು. ಆದರೆ ಅಧ್ಯಕ್ಷರ ಆಯ್ಕೆಯಾದ ಮೇಲೆ ಪಕ್ಷದ ಉನ್ನತ ತೀರ್ಮಾನ ಮಂಡಳಿಯಾದ ಕಾರ್ಯಕಾರಿ ಸಮಿತಿಗೂ ಮತದಾನ ನಡೆದೀತೆಂಬ ನಿರೀಕ್ಷೆಯಿತ್ತು. 2023ರ ಫೆಬ್ರವರಿಯಲ್ಲಿ ರಾಯಪುರದಲ್ಲಿ ಸೇರಿದ ಮುಖಂಡರು, ಸದಸ್ಯರನ್ನು ಅಧ್ಯಕ್ಷರೇ ನೇಮಿಸಲಿ ಎಂದು ತೀರ್ಮಾನಿಸಿದರು. ಆಗಸ್ಟಿನಲ್ಲಿ ಹೊರಬಂದ ಆ ನೇಮಕದ ಪಟ್ಟಿಯಲ್ಲಿ ಶಶಿ ತರೂರ್ ಅವರ ಹೆಸರೂ ಇತ್ತು.