ಮುದಿ ಸೊಳ್ಳೆಯ ಕಡಿತ

ಎಲ್ಲರಿಗೂ ನಮಸ್ಕಾರ. ಮಲೇರಿಯಾ ರೋಗಿಯನ್ನು ಕಡಿದ ಸೊಳ್ಳೆ ಅಲ್ಲಿಂದೆದ್ದು ಪಕ್ಕದಲ್ಲಿ ಮಲಗಿದವರನ್ನು ಕಡಿದರೆ ಅವರಿಗೂ ಜ್ವರ ಬರುತ್ತದೆಯೇ? ಬರುವುದಿಲ್ಲ. ಬರಬೇಕಾದರೆ ಆ ಸೊಳ್ಳೆ ಇನ್ನೂ ಹತ್ತು ಹನ್ನೆರಡು ದಿನ ಬದುಕಿರಬೇಕು. ಆ ದಿನಗಳಲ್ಲಿ ಅದರ ಹೊಟ್ಟೆಯೊಳಗೆ ಏನಾಗುತ್ತದೆ ಅನ್ನುವುದೇ ಇವತ್ತಿನ ಮಾತು.

ರಕ್ತ ಹೀರುವುದು ಹೆಣ್ಣು ಸೊಳ್ಳೆ. ಮಲೇರಿಯಾ ಹರಡುವುದು ಅನಾಫಿಲಿಸ್ ಹೆಣ್ಣು. ನಮಗೆ ಚಳಿ ನಡುಕ ತರುವ ರೋಗಾಣುಗಳು ಅದರ ಹೊಟ್ಟೆಯಲ್ಲಿ ಅರಗಿಹೋಗುತ್ತವೆ. ಉಳಿಯುವುದು ಗಂಡು, ಹೆಣ್ಣು ಎಂದು ಬೇರ್ಪಟ್ಟ ಗ್ಯಾಮೆಟೊಸೈಟ್‌ಗಳು ಮಾತ್ರ. ನಮ್ಮ ಮೈಯ 37 ಡಿಗ್ರಿ ಬಿಸಿಯಿಂದ ಸೊಳ್ಳೆಯ ತಣ್ಣನೆ ಹೊಟ್ಟೆಗೆ ಬಿದ್ದ ಕಾಲು ಗಂಟೆಯಲ್ಲಿ ಗಂಡು ಕಣ ಒಡೆದು, ಎಂಟರವರೆಗೆ ಎಳೆಗಳು ಚಾಟಿ ಬೀಸುತ್ತಾ ಹೊರಬರುತ್ತವೆ. ಹೆಣ್ಣಿನೊಡನೆ ಕೂಡಿ ಹುಟ್ಟಿದ್ದು ಸುಮಾರು ಒಂದು ದಿನದಲ್ಲಿ ಹುಳುವಿನಂತೆ ಹರಿದು, ಹೊಟ್ಟೆಯ ಗೋಡೆ ಕೊರೆದು, ಹೊರಮಗ್ಗುಲಲ್ಲಿ ಗಂಟಾಗಿ ಕೂರುತ್ತದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಡಿ ಕಂಡದ್ದು ಇಂಥ ಗಂಟನ್ನೇ. ಒಂದೊಂದರಲ್ಲೂ ನಮಗೆ ಸೋಂಕು ತರುವ ರೂಪದ ರೋಗಾಣುಗಳು, ಅಂದರೆ ಸಾವಿರಾರು ಸ್ಪೋರೋಜೊಯಿಟ್‌ಗಳು ಬೆಳೆಯುತ್ತವೆ. ಗಂಟು ಒಡೆದು ಅವು ಜೊಲ್ಲಿನ ಗ್ರಂಥಿ ಸೇರಬೇಕು. ಅಲ್ಲಿಯವರೆಗೆ ಆ ಸೊಳ್ಳೆಯ ಕಡಿತದಿಂದ ಬರುವುದು ತುರಿಕೆಯಷ್ಟೇ.

ಸೊಂಡಿಲಿನಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ರಕ್ತ ಮೇಲಕ್ಕೆ, ಇನ್ನೊಂದರಲ್ಲಿ ಜೊಲ್ಲು ಕೆಳಕ್ಕೆ. ರಕ್ತ ಹೆಪ್ಪುಗಟ್ಟದಿರಲೆಂದು ಬಿಡುವ ಆ ಜೊಲ್ಲಿನಲ್ಲೇ ರೋಗಾಣು ಬರುತ್ತದೆ, ಸಾಮಾನ್ಯವಾಗಿ ನೂರಕ್ಕೂ ಕಡಿಮೆ. (ಎಚ್‌ಐವಿ ಯಾಕೆ ಹೀಗೆ ಹರಡುವುದಿಲ್ಲ ಎಂದು ಕೇಳುವವರಿದ್ದಾರೆ. ಹೀರಿದ ರಕ್ತವನ್ನು ಸೊಳ್ಳೆ ವಾಪಸ್ ಉಗುಳುವುದಿಲ್ಲ, ಆ ವೈರಸ್ ಅದರ ಹೊಟ್ಟೆಯಲ್ಲಿ ಬೆಳೆಯುವುದೂ ಇಲ್ಲ.) ಮಲೇರಿಯಾ ರೋಗಾಣು ಚರ್ಮದಿಂದ ಲಿವರ್‌ಗೆ, ಸುಮಾರು ಒಂದು ವಾರದ ಮೇಲೆ ಸಾವಿರಗಟ್ಟಲೆಯಾಗಿ ರಕ್ತಕ್ಕೆ, ಜ್ವರ ಆಮೇಲೆ.

ಈಗ ಲೆಕ್ಕ ನೋಡಿ. ಮಲೇರಿಯಾ ರೋಗಾಣುವಿನ ಒಂದು ಜಾತಿಯಾದ ಫಾಲ್ಸಿಪಾರಂಗೆ ಸೊಳ್ಳೆಯೊಳಗೆ ಬಲಿಯಲು 25 ಡಿಗ್ರಿಯಲ್ಲಿ ಸುಮಾರು 12 ದಿನ ಬೇಕು, 20 ಡಿಗ್ರಿಯಲ್ಲಿ 28 ದಿನ. ದಿನವೂ ಬದುಕಿರುವವುಗಳಲ್ಲಿ ನೂರಕ್ಕೆ ಹತ್ತು ಸತ್ತರೆ, 12 ದಿನದ ಕೊನೆಗೆ ನೂರರಲ್ಲಿ 28 ಸೊಳ್ಳೆ ಉಳಿಯುತ್ತವೆ. ಇಪ್ಪತ್ತು ಸತ್ತರೆ ಉಳಿಯುವುದು 7. ಗೋಡೆಗೆ ಹೊಡೆಯುವ ಔಷಧ, ಔಷಧ ಲೇಪಿಸಿದ ಪರದೆ ಕೆಲಸ ಮಾಡುವುದು ಹೀಗೆ: ಸೊಳ್ಳೆಗೆ ಮುದಿಯಾಗಲು ಬಿಡುವುದಿಲ್ಲ.

ಮಂಗಳೂರಿನಂಥ ನಗರದಲ್ಲಿ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೆ ಚರಂಡಿಗಿಂತ ಶುದ್ಧ ನೀರೇ ಇಷ್ಟ: ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಸ್ಲ್ಯಾಬ್ ಮೇಲೆ ನಿಲ್ಲಿಸಿದ ಕ್ಯೂರಿಂಗ್ ನೀರು. ಟಾರ್ಚ್ ಬಿಟ್ಟು ನೋಡಿ. ನೀರಿನ ಮೇಲ್ಮೈಗೆ ಅಡ್ಡಡ್ಡ ಮಲಗಿದ ಮರಿ ಅನಾಫಿಲಿಸ್. ತಲೆಕೆಳಗಾಗಿ ಜೋತಾಡುವುದು ಬೇರೆ ಜಾತಿ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಒಣಗಿಸಿದರೆ ಮರಿಗೆ ರೆಕ್ಕೆ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಮಾತ್ರೆಯಲ್ಲಿ. ರೋಗಾಣುವಿನ ಇನ್ನೊಂದು ಜಾತಿಯಾದ ವೈವಾಕ್ಸ್‌ಗೆ ಪ್ರೈಮಾಕ್ವಿನ್ 14 ದಿನ ನುಂಗಬೇಕು. ಜ್ವರ ಇಳಿಯಿತೆಂದು ನಾಲ್ಕನೇ ದಿನಕ್ಕೆ ನಿಲ್ಲಿಸುತ್ತಾರೆ. ಲಿವರ್‌ನಲ್ಲಿ ನಿದ್ದೆಹೋದ ರೋಗಾಣು ತಿಂಗಳುಗಳ ನಂತರ ಏಳುತ್ತದೆ, ಹೊಸ ಸೊಳ್ಳೆಗೆ ಮತ್ತೆ ಗ್ಯಾಮೆಟೊಸೈಟ್ ಸಿಗುತ್ತದೆ. ಆದರೆ ಈ ಮಾತ್ರೆಯನ್ನು ಗರ್ಭಿಣಿಯರಿಗೂ ಹಸುಗೂಸುಗಳಿಗೂ ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ಇದರಿಂದ ಕೆಂಪು ರಕ್ತಕಣ ಒಡೆಯುತ್ತದೆ. ಮಾತ್ರೆ ಶುರುವಾದ ಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಿ.