ಇವತ್ತು ಕೃಷ್ಣ, ನಾಳೆ ಕೌರವ

ಕೇಳುಗರೆಲ್ಲರಿಗೂ ನಮಸ್ಕಾರ.

ನೀವು ಈಗ ಏನು ಮಾಡುತ್ತಿದ್ದೀರಿ ಎಂದು ನಾನು ಹೇಳಬಲ್ಲೆ. ಡೊಂಬಿವಲಿಯಲ್ಲೋ ಘಾಟ್‌ಕೋಪರ್‌ನಲ್ಲೋ ಒಂದು ಪುಟ್ಟ ಅಡುಗೆಮನೆ. ಕುಕ್ಕರ್ ಎರಡು ಸೀಟಿ ಹಾಕಿದೆ. ಫ್ರಿಜ್ ಮೇಲೆ ರೇಡಿಯೋ. ಒಳಗಡೆ ಎಂಟನೇ ಕ್ಲಾಸಿನ ಮಗನೋ ಮಗಳೋ ಮೊಬೈಲ್ ಹಿಡಿದು ಕೂತಿದ್ದಾರೆ. ನೀವು ಒಂದು ಮಾತು ಹೇಳಿದರೆ ಎರಡು ಎದುರುತ್ತರ ಬರುತ್ತದೆ. ಹೌದಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ಆ ಎದುರುತ್ತರವೇ ನನ್ನ ಬಂಡವಾಳ. ಈ ಮುಂಬಯಿಯಲ್ಲಿ ಮೂವತ್ತು ವರ್ಷ ನಾನು ಸಮಾಜ ಪಾಠ ಮಾಡಿದ್ದು ಅದನ್ನೇ ನಂಬಿಕೊಂಡು.

ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು ಲೋಕದ ದೊಡ್ಡ ಪ್ರಶ್ನೆಗಳ ಬಗ್ಗೆ ಹುಡುಕಿ ಓದಬೇಕು, ಚರ್ಚೆ ಮಾಡಬೇಕು. ಅದನ್ನು ಹೇಗೆ ಕಲಿಸುವುದು? ಇದು ನನಗೆ ಕೊಟ್ಟ ವಿಷಯ. ಕೊಟ್ಟ ಸಮಯದಲ್ಲಿ ಹತ್ತು ಸೂತ್ರ ಹೇಳಬಹುದಿತ್ತು. ನಾನು ಹೇಳುವುದು ಒಂದೇ. ಮಗುವಿಗೆ ತನಗೆ ಒಪ್ಪಿಗೆ ಇಲ್ಲದ ಕಡೆಯನ್ನು ಕೊಡಿ. ಆ ಕಡೆಯಿಂದ ಓದಲಿ. ಆ ಕಡೆಯಿಂದ ಮಾತಾಡಲಿ. ತನ್ನ ಅಭಿಪ್ರಾಯ ಆಮೇಲೆ ಹೇಳಲಿ.

ಇಷ್ಟೇನಾ ಅಂತೀರಿ. ಇಷ್ಟೇ. ಆದರೆ ಯಾರೂ ಮಾಡುವುದಿಲ್ಲ.

ನಮ್ಮ ಶಾಲೆಗಳ ಚರ್ಚಾ ಸ್ಪರ್ಧೆ ನೆನಪು ಮಾಡಿಕೊಳ್ಳಿ. ‘ವಿಜ್ಞಾನ ವರವೋ ಶಾಪವೋ.’ ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೂ ಅದೇ ವಿಷಯ, ಈಗಲೂ ಅದೇ. ಮಗು ವೇದಿಕೆ ಹತ್ತುತ್ತದೆ. ‘ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ, ತೀರ್ಪುಗಾರರೇ’ ಎನ್ನುವಷ್ಟರಲ್ಲಿ ಒಂದು ನಿಮಿಷ ಹೋಯಿತು. ಉಳಿದದ್ದು ಅಪ್ಪ ಬರೆದದ್ದು, ಅಮ್ಮ ಬಾಯಿಪಾಠ ಮಾಡಿಸಿದ್ದು. ಎದುರು ಕಡೆಯ ಮಗು ಏನು ಹೇಳಿತು ಅಂತ ಇದು ಕೇಳಿಸಿಕೊಳ್ಳುವುದೇ ಇಲ್ಲ. ಮನಸ್ಸಿನಲ್ಲೇ ತನ್ನ ಮುಂದಿನ ಸಾಲು ಹೇಳಿಕೊಳ್ಳುತ್ತಿರುತ್ತದೆ. ಈಗ ದೊಡ್ಡ ದೊಡ್ಡ ಇಂಗ್ಲಿಷ್ ಶಾಲೆಗಳಲ್ಲಿ ಕೋಟು, ಟೈ ಹಾಕಿಸಿ, ಒಂದೊಂದು ಮಗುವನ್ನು ಒಂದೊಂದು ದೇಶದ ಪ್ರತಿನಿಧಿ ಮಾಡಿ ವಿಶ್ವಸಂಸ್ಥೆಯ ಆಟ ಆಡಿಸುತ್ತಾರೆ. ಒಳ್ಳೆಯದೇ. ಆದರೆ ಕೋಟಿನೊಳಗೂ ಬಾಯಿಪಾಠವೇ ಇದ್ದರೆ ಏನು ಬಂತು?

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಶಾಲೆ ಇದೆ. ತಾಳಮದ್ದಲೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರೆ, ನೀವೂ ಹೋಗಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾರೆ. ಬರೆದು ತಂದ ಚೀಟಿ ಇಲ್ಲ. ಎದುರಿನವರು ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಇವತ್ತು ಮಾಟುಂಗಾದಲ್ಲಿ ಕೃಷ್ಣನಾದವರು ನಾಳೆ ಥಾಣೆಯಲ್ಲಿ ಕೌರವ. ಕೌರವನಾಗಿ ಕೂತಾಗ ‘ನಾನು ಕೆಟ್ಟವನು, ಕ್ಷಮಿಸಿ’ ಅಂದರೆ ಜನ ಎದ್ದು ಹೋಗುತ್ತಾರೆ. ಕೌರವನಿಗೂ ಒಂದು ನ್ಯಾಯ ಇದೆ ಎಂದು ತೋರಿಸಬೇಕು. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳಿದಾಗ, ರಾಮಭಕ್ತರೂ ಒಂದು ಕ್ಷಣ ಸುಮ್ಮನಾಗಬೇಕು. ಆ ಒಂದು ಕ್ಷಣ ಇದೆಯಲ್ಲ, ಅದನ್ನೇ ನಾನು ಮಕ್ಕಳಿಗೆ ಕಲಿಸಬೇಕು ಅನ್ನುವುದು.

ಈಗ ಒಂದು ಕತೆ ಹೇಳುತ್ತೇನೆ. ಸ್ವಲ್ಪ ಉದ್ದ. ಆದರೆ ಹೇಳದೆ ಬಿಡಲಾರೆ.

2022ರ ಜೂನ್. ನಾನು ನಿವೃತ್ತಳಾಗಿ ಶನಿವಾರ ಸಂಜೆ ಡೊಂಬಿವಲಿಯಲ್ಲಿ ಒಂದಷ್ಟು ಮಕ್ಕಳನ್ನು ಸೇರಿಸಿಕೊಂಡು ಚರ್ಚೆ ಮಾಡಿಸುತ್ತಿದ್ದೆ. ಆ ವಾರ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ. ಅಲ್ಲಿ ಒಂದು ವಿಷಯ ಮೀನು. ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತಿದೆ. ಜಗತ್ತಿನ ಸಮುದ್ರ ಮೀನಿನ ಸಂತತಿಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮಿತಿಮೀರಿ ಹಿಡಿಯಲಾಗಿದೆ. ಸರಕಾರಗಳು ದೋಣಿಗಳಿಗೆ ಡೀಸೆಲ್‌ಗೆ, ಎಂಜಿನ್‌ಗೆ ಸಬ್ಸಿಡಿ ಕೊಡುತ್ತವೆ. ಅದನ್ನು ನಿಲ್ಲಿಸಬೇಕಾ ಬೇಡವಾ? 2001ರಿಂದ ಈ ಜಗಳ ನಡೆದಿತ್ತು. ನಮ್ಮ ದೇಶ ಹೇಳಿದ್ದು, ಬಡ ದೇಶಗಳಿಗೆ 25 ವರ್ಷ ಸಮಯ ಕೊಡಿ ಎಂದು. ನ್ಯೂಜಿಲೆಂಡ್‌ನಂಥ ದೇಶಗಳು ಹೇಳಿದ್ದು, ಅಷ್ಟು ದಿನ ಕಾಯಲು ಆಗುವುದಿಲ್ಲ ಎಂದು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ. ಮಲ್ಪೆ ಕಡೆಯವರು. ಅವನ ಸೋದರಮಾವ ಕೊಲಾಬಾದ ಮೀನು ಬಂದರು ಸಸೂನ್ ಡಾಕ್‌ನಲ್ಲಿ ಒಂದು ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವವರು. ‘ಟೀಚರ್, ನಾನು ಇಂಡಿಯಾ’ ಎಂದು ಮೊದಲೇ ಕೈ ಎತ್ತಿದ. ನಾನು, ‘ಇಲ್ಲ ಮಗಾ, ನೀನು ನ್ಯೂಜಿಲೆಂಡ್’ ಅಂದೆ. ಅವನ ಮುಖ ನೋಡಬೇಕಿತ್ತು. ‘ನ್ಯೂಜಿಲೆಂಡ್ ಬಗ್ಗೆ ನನಗೆ ಕ್ರಿಕೆಟ್ ಬಿಟ್ಟು ಏನೂ ಗೊತ್ತಿಲ್ಲ ಟೀಚರ್. ಸಬ್ಸಿಡಿ ಬೇಡ ಅಂದರೆ ಮಾವ ಮನೆಗೆ ಸೇರಿಸಲ್ಲ’ ಎಂದ. ಇಂಡಿಯಾವನ್ನು ಒಬ್ಬಳು ಜಾಣ ಹುಡುಗಿಗೆ ಕೊಟ್ಟೆ.

ಮರುದಿನ ಭಾನುವಾರ. ಈ ಹುಡುಗ ಅಮ್ಮನ ಜೊತೆ ಲೋಕಲ್ ಹಿಡಿದು ಕೊಲಾಬಾಕ್ಕೆ ಹೋದ. ಜೂನ್, ಜುಲೈ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆಗೆ ನಿಷೇಧ ಅಲ್ವಾ, ಮಾವ ದೋಣಿ ರಿಪೇರಿ ಅಂತ ಊರಿಗೆ ಹೋಗದೆ ಉಳಿದಿದ್ದರು. ಬಲೆ ಹೆಣೆಯುತ್ತಾ ಕೂತಿದ್ದರು. ಇವನು ನೋಟ್‌ಬುಕ್ ತೆಗೆದ. ‘ಮಾವ, ಮೊದಲು ಎಷ್ಟು ದೂರ ಹೋಗ್ತಿದ್ರಿ?’ ಮೊದಲು ಹತ್ತಿರದಲ್ಲೇ ಸಿಗುತ್ತಿತ್ತು, ಈಗ ದಿನಗಟ್ಟಲೆ ಹೋಗಬೇಕು. ‘ಏನು ಸಿಗುತ್ತದೆ?’ ಪಾಪ್ಲೆಟ್ ಅಪರೂಪ. ಬೆರಳುದ್ದದ ಮರಿಗಳು ಜಾಸ್ತಿ, ಅದನ್ನು ಯಾರು ತಿನ್ನುತ್ತಾರೆ, ಪುಡಿ ಮಾಡುವ ಫ್ಯಾಕ್ಟರಿಗೆ ಹೋಗುತ್ತದೆ. ‘ಸಬ್ಸಿಡಿ ಇಲ್ಲದಿದ್ದರೆ?’ ಅಷ್ಟು ದೂರ ಹೋಗೋಕೇ ಆಗಲ್ಲ ಮಾರಾಯ. ಹುಡುಗ ಸ್ವಲ್ಪ ಹೊತ್ತು ಬರೆದುಕೊಂಡ. ಆಮೇಲೆ ಕೇಳಿದ, ‘ಹಾಗಾದ್ರೆ ಮಾವ, ಡೀಸೆಲ್ ಅಗ್ಗಕ್ಕೆ ಸಿಗೋದಕ್ಕೇ ಎಲ್ಲರೂ ದೂರ ಹೋಗಿ ಮರಿ ಹಿಡಿಯೋದಾ?’

ಮಾವ ಬಲೆ ಕೆಳಗಿಟ್ಟರಂತೆ. ಕೇಳಿದ್ದು ಒಂದೇ ಮಾತು. ‘ನಿನ್ನ ಟೀಚರ್ ಯಾವ ಪಾರ್ಟಿ?’

ಮುಂದಿನ ಶನಿವಾರ ಚರ್ಚೆ. ಇಂಡಿಯಾ ಹುಡುಗಿ ಎದ್ದಳು. ‘ನಮ್ಮ ಬಡ ಮೀನುಗಾರರು’ ಎಂದಳು. ಇನ್ನೊಂದು ಸಲ ‘ನಮ್ಮ ಬಡ ಮೀನುಗಾರರು’ ಎಂದಳು. ಅಷ್ಟೇ. ತಾನು ಸರಿ ಇದ್ದೇನೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು, ಹಾಗಾಗಿ ಏನೂ ಓದಿರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಒಪ್ಪಿದ ಕಡೆಯನ್ನು ಕೊಟ್ಟರೆ ಮಗು ಓದುವುದಿಲ್ಲ. ಆಮೇಲೆ ನ್ಯೂಜಿಲೆಂಡ್ ಎದ್ದ. ‘ಭಾರತದ ಪ್ರತಿನಿಧಿಗಳೇ, 25 ವರ್ಷ ಕೇಳಿದ್ದೀರಿ. ಆಗ ನನಗೆ 38 ವರ್ಷ ಆಗಿರುತ್ತದೆ. ಕೊಡೋಣ. ಆದರೆ ಸಮಯ ಮುಗಿದ ದಿನ ಹಿಡಿಯಲು ಮೀನು ಎಲ್ಲಿರುತ್ತದೆ?’ ನ್ಯೂಜಿಲೆಂಡ್ ರಾಯಭಾರಿಗೆ ಮೀಸೆಯೂ ಬಂದಿರಲಿಲ್ಲ, ನೋಡಿ. ಆದರೂ ಹಾಲ್ ಸುಮ್ಮನಾಯಿತು. ನಾನು ಹೇಳಿದ ಆ ಒಂದು ಕ್ಷಣ.

ಕತೆ ಮುಗಿದಿಲ್ಲ. ಮುಂದಿನ ವಾರ ಕಡೆ ಬದಲಾಯಿಸಿದೆ. ಈಗ ಅವನೇ ಇಂಡಿಯಾ. ನೀವು ಕೇಳಬೇಕಿತ್ತು. ದೊಡ್ಡ ದೇಶಗಳು ದಶಕಗಟ್ಟಲೆ ಸಬ್ಸಿಡಿ ಕೊಟ್ಟು, ಹಡಗಿನಂಥ ದೋಣಿ ಕಟ್ಟಿ, ಬೇರೆಯವರ ಸಮುದ್ರದ ಹತ್ತಿರ ಹೋಗಿ ಬಾಚಿಕೊಂಡವು. ಈಗ ನನ್ನ ಮಾವನಿಗೆ ನಿಲ್ಲಿಸು ಅನ್ನುತ್ತೀರಾ? ಆದರೆ ಹೌದು, ಮರಿ ಹಿಡಿಯುವುದು ತಪ್ಪು, ಅದನ್ನು ನಾವು ನಿಲ್ಲಿಸುತ್ತೇವೆ, ನೀವು ಮೊದಲು ದೂರದ ಹಡಗು ನಿಲ್ಲಿಸಿ. ಮೊದಲ ವಾರ ಇಂಡಿಯಾ ಕೊಟ್ಟಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿತ್ತಾ? ಖಂಡಿತ ಇಲ್ಲ. ಅವನೂ ‘ನಮ್ಮ ಬಡ ಮೀನುಗಾರರು’ ಅಂತ ಕೂತುಬಿಡುತ್ತಿದ್ದ.

ಅವನ ಅಮ್ಮ ಫೋನ್ ಮಾಡಿದರು. ‘ಟೀಚರ್, ಇವನು ಊಟಕ್ಕೆ ಕೂತರೂ ನ್ಯೂಜಿಲೆಂಡ್. ಬಂಗುಡೆ ಸಾರು ಮಾಡಿದರೆ ಇದು ಎಷ್ಟು ಉದ್ದ ಇತ್ತು ಅಂತ ಕೇಳ್ತಾನೆ.’ 2023ರಲ್ಲಿ ಮಹಾರಾಷ್ಟ್ರ ಸರಕಾರ ಪಾಪ್ಲೆಟನ್ನು ರಾಜ್ಯದ ಮೀನು ಎಂದು ಘೋಷಿಸಿದಾಗ ಅವನೇ ಫೋನ್ ಮಾಡಿ ಕೇಳಿದ, ‘ಟೀಚರ್, ಘೋಷಣೆ ಆಗಿದ್ದು ಮೀನಿಗೆ ಗೊತ್ತಾಯ್ತಾ?’

ಜಿನೀವಾದ ಒಪ್ಪಂದ ಆ ಜೂನ್‌ನಲ್ಲೇ ಆಯಿತು. ಕಾನೂನು ಮೀರಿ ಹಿಡಿಯುವವರಿಗೆ, ಈಗಾಗಲೇ ಬರಿದಾದ ಮೀನಿಗೆ ಸಬ್ಸಿಡಿ ಇಲ್ಲ ಎಂದರು. ಅದು ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ದೋಣಿಗಳ ಸಂಖ್ಯೆ, ಸಾಮರ್ಥ್ಯ ಬೆಳೆಸುವ ಡೀಸೆಲ್ಲಿನಂಥ ಸಬ್ಸಿಡಿಯ ಜಗಳ ಮುಂದಕ್ಕೆ ಹೋಯಿತು. ದೊಡ್ಡವರಿಗೂ ಬಗೆಹರಿಸಲು ಆಗಲಿಲ್ಲ, ನಮ್ಮ ಮಕ್ಕಳಿಗೆ ಆಗದಿದ್ದರೆ ನಾಚಿಕೆಯೇನಿಲ್ಲ.

ಅಯ್ಯೋ, ಕತೆಯೇ ಸಮಯ ತಿಂದಿತು. ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ.

ಹುಡುಕುವುದು ಅಂದರೆ ಮೊಬೈಲಿನಲ್ಲಿ ಮೊದಲು ಬಂದದ್ದನ್ನು ಬರೆದುಕೊಳ್ಳುವುದಲ್ಲ. ಎಐ ಬರೆದುಕೊಟ್ಟದ್ದನ್ನು ಓದುವುದಂತೂ ಅಲ್ಲ, ಅದು ಅಪ್ಪ ಬರೆದುಕೊಟ್ಟ ಭಾಷಣದ ಹೊಸ ಅವತಾರ, ಅಷ್ಟೇ. ಮೂರು ಕಡೆ ಹೋಗಲಿ. ಮೂಲ ಕಾಗದ ಒಂದು, ಅಂದರೆ ಒಪ್ಪಂದವೋ ವರದಿಯೋ, ಎರಡು ಪುಟ ಓದಿದರೂ ಸಾಕು. ಎದುರು ಕಡೆಯವರು ಬರೆದದ್ದು ಒಂದು. ಆ ಕೆಲಸವನ್ನೇ ಮಾಡುವ ಒಬ್ಬ ಮನುಷ್ಯ. ಮುಂಬಯಿಯಲ್ಲಿ ಮನುಷ್ಯರಿಗೆ ಬರವೇ?

ವಿಷಯ ಬೇಕಾ? ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೋ ಇದೆ, ಅಂದರೆ ಒಂದೇ ದೇಶ ಬೇಡ ಅಂದರೂ ನಿರ್ಣಯ ನಿಂತುಹೋಗುತ್ತದೆ. ಎಲ್ಲ ಮಕ್ಕಳೂ ‘ತೆಗೀಬೇಕು’ ಅನ್ನುತ್ತವೆ. ಸರಿ, ನೀನು ಫ್ರಾನ್ಸ್ ಆಗು ಎನ್ನಿ. ವೀಟೋ ತೆಗೆಯುವ ತಿದ್ದುಪಡಿಗೂ ಆ ಐದು ದೇಶಗಳ ಒಪ್ಪಿಗೆ ಬೇಕು ಅಂತ ಆಗ ತಾನೇ ಕಂಡುಹಿಡಿಯುತ್ತದೆ. ಇನ್ನು ಹವಾಮಾನ. ಇಂಗಾಲ ಬಿಡುವುದರಲ್ಲಿ ಭಾರತ ಜಗತ್ತಿನಲ್ಲಿ ಮೂರನೆಯದು. ತಲೆಗೆ ಹಂಚಿ ನೋಡಿದರೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಎರಡೂ ನಿಜ. ಮಗು ಟುವಾಲು ಆಗಲಿ, ಸಮುದ್ರ ಏರಿ ಮುಳುಗುವ ಭಯದಲ್ಲಿರುವ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಅದು. ಅಲ್ಲಿರುವುದು ಸುಮಾರು 11 ಸಾವಿರ ಜನ, ಬೆಳಗಿನ ಮೂರು ಲೋಕಲ್‌ನಲ್ಲಿ ಹಿಡಿಸುತ್ತಾರೆ. 2021ರಲ್ಲಿ ಅವರ ವಿದೇಶ ಮಂತ್ರಿ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಭಾಷಣ ಮಾಡಿದರು. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ನಾವು ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆಗೆ ಬಂದವರು. ಆ ಭಾಷಣ ನಮ್ಮ ಮಕ್ಕಳಿಗೆ ಅರ್ಥ ಮಾಡಿಸುವುದು ಕಷ್ಟವೇ?

ಭಾಷೆಯ ಬಗ್ಗೆ ಒಂದೇ ಮಾತು. ಓದುವುದು ಇಂಗ್ಲಿಷ್‌ನಲ್ಲಿ ಓದಲಿ, ಮರಾಠಿಯಲ್ಲಿ ಓದಲಿ. ಹೇಳುವುದು ಅಜ್ಜಿಗೆ ಕನ್ನಡದಲ್ಲಿ ಹೇಳಲಿ, ತುಳುವಿನಲ್ಲಿ ಹೇಳಲಿ. ಅಜ್ಜಿ ‘ಅಂದರೆ?’ ಎಂದು ಕೇಳಿದ ಕಡೆಯಲ್ಲೆಲ್ಲ ಮಗುವಿಗೂ ಗೊತ್ತಿಲ್ಲ ಅಂತಲೇ ಲೆಕ್ಕ.

ಮುಂದಿನ ಮಳೆಗಾಲಕ್ಕೆ ನಿಮ್ಮ ಕಡೆಯ ಹಾಲ್‌ನಲ್ಲಿ ತಾಳಮದ್ದಲೆ ಇದ್ದರೆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮುಗಿದ ಮೇಲೆ ಕೌರವನ ಅರ್ಥ ಹೇಳಿದವರ ಹತ್ತಿರ ಕರೆದುಕೊಂಡು ಹೋಗಿ, ನಾಳೆ ನಿಮ್ಮದು ಯಾವ ಪಾತ್ರ ಅಂತ ಅದರ ಬಾಯಿಂದಲೇ ಕೇಳಿಸಿ. ನಿಮ್ಮ ಕುಕ್ಕರ್ ಈಗ ಇಳಿಸಬಹುದು. ನಮಸ್ಕಾರ.